ಸರ್ಕಾರಕ್ಕೆ ಸಾಲ ಕೊಟ್ಟವರು

ಶಂಕರಪುರದ ನಮ್ಮ ಎದುರುಮನೆ ಯಜಮಾನರು ಜವಳಿ ಅಂಗಡಿಯನ್ನೇ ಮಾರಿ ಸ್ವಾತಂತ್ರ್ಯ ಚಳವಳಿಗೆ ದುಡ್ಡು ಕೊಟ್ಟವರು. ನಮ್ಮ ಸರ್ಕಾರ ಬಂದ ಮೇಲೆ ವಾಪಸು ಕೊಡುತ್ತೇವೆಂದು ಮುಖಂಡರು ಬರೆದುಕೊಟ್ಟ ಚೀಟಿಗಳು ಬಿಸ್ಕತ್ತಿನ ಡಬ್ಬದಲ್ಲಿದ್ದವು. ಸರ್ಕಾರ ಬಂತು, ಕಾಸು ಬರಲಿಲ್ಲ. ಪಿಂಚಣಿಯನ್ನಾದರೂ ಕೊಡಿ ಎಂದರೆ ಜೈಲಿಗೆ ಹೋದ ಸರ್ಟಿಫಿಕೇಟು ತನ್ನಿ ಎಂದರಂತೆ. ಇವರು ಎಲ್ಲರಿಗೂ ಜಾಮೀನು ಕಟ್ಟುತ್ತಾ ಹೊರಗೇ ಉಳಿದಿದ್ದರು.

"ಸರ್ಕಾರ ನಮ್ದೇ ಅಲ್ವೇನಮ್ಮ, ಎಲ್ಲಿಗೆ ಓಡೋಗತ್ತೆ?" ಎನ್ನುವರು, ಪಂಚೆಯ ತುದಿಯಿಂದ ಕನ್ನಡಕ ಒರೆಸುತ್ತಾ. ಪೊರೆ ಬಂದದ್ದು ಕಣ್ಣಿಗೆ, ಒರೆಸುವುದು ಗಾಜನ್ನು.

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ಒಬ್ಬ ಸರ್ಕಾರಿ ಗುಮಾಸ್ತ ಬಂದ. "ಯಜಮಾನ್ರೇ, ಹದಿನೈದಕ್ಕೆ ನಿಮಗೆ ಸನ್ಮಾನ. ಶಾಮಿಯಾನದವನು ಅಡ್ವಾನ್ಸ್ ಕೇಳ್ತಿದಾನೆ, ಗ್ರಾಂಟ್ ಇನ್ನೂ ಬಂದಿಲ್ಲ. ಸದ್ಯಕ್ಕೆ ನೀವು ಕೊಟ್ಟಿರಿ."

ಕಣ್ಣಿನ ಆಪರೇಷನ್ನಿಗೆ ಇಟ್ಟಿದ್ದ ದುಡ್ಡನ್ನು ಬೀರುವಿನಿಂದ ತೆಗೆದರು.

"ಕೊಡಬೇಡಿ, ಇರೋ ಕಣ್ಣೂ ಹೋಗತ್ತೆ" ಎಂದೆ ನಾನು.

"ಒಂದು ಚೀಟಿ ಬರ್ಕೊಡಪ್ಪ" ಎಂದು ಗುಮಾಸ್ತನಿಗೆ ಹೇಳಿ ಕೊಟ್ಟೇಬಿಟ್ಟರು.

ಸನ್ಮಾನದ ದಿನ ಯಾರೋ ಮಂತ್ರಿ ಎಡಗಡೆಯಿಂದ ಬಂದು ಶಾಲು ಹೊದಿಸಿದ. ಇವರು ಬಲಕ್ಕೆ ತಿರುಗಿ, ಶಾಮಿಯಾನದ ಕಂಬಕ್ಕೆ ಕೈಮುಗಿದು, "ದೊಡ್ಡ ಉಪಕಾರವಾಯ್ತು ಸ್ವಾಮಿ" ಎಂದರು.