ಹೇಳಿ ಮುಗಿಸಿದ ಊಟ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಚಾಪ್ ಸಿಸ್ಟರ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗಳಿಸಿದ ಬಿರುದು ಅದೊಂದೇ. ವಾರಕ್ಕೆ ನಾಲ್ಕು ದಿನ ಮನೆಯಲ್ಲಿ ಪೋರ್ಕ್ ಚಾಪ್, ಎಂದರೆ ಮೂಳೆ ಸಮೇತದ ಹಂದಿಮಾಂಸದ ತುಂಡು, ಹುರಿಯುವವಳು, ಮಿಕ್ಕ ಮೂರು ದಿನ ಅದರ ಮಾತಾಡುವವಳು. ದಿನವಿಡೀ ನಿಂತು ಸೋತ ಕಾಲಿಗೆ ಇದಕ್ಕಿಂತ ಸುಲಭದ ಅಡುಗೆ ಇಲ್ಲವೆಂಬುದು ಅವಳ ವಾದ. ಒಲೆಯ ಮುಂದೆಯೂ ಅವಳು ನರ್ಸಮ್ಮನೇ. ಗಾಯ ಒರೆಸುವ ಹಾಗೆ ಮಾಂಸವನ್ನು ಬಟ್ಟೆಯಿಂದ ಒತ್ತಿ ಒಣಗಿಸುವಳು. ಎದೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡುತ್ತ ಒಂದೊಂದು ಮಗ್ಗುಲಿಗೆ ನಾಲ್ಕು ನಿಮಿಷ ಕೊಡುವಳು. ಬೆಂದಿದೆಯೋ ಎಂದು ಬೆರಳಿನಿಂದ ಒತ್ತಿ ನೋಡುವಳು, ಊದಿದ ಕಾಲು ನೋಡುವಷ್ಟೇ ಗಂಭೀರವಾಗಿ. ಜೊತೆಗೇ ಇದ್ದ ತಂಗಿ ಬಟ್ಟೆ ಹೊಲಿಯುವವಳು, ಬಾಯಿಯೂ ಕತ್ತರಿಯಷ್ಟೇ ಹರಿತ. "ಅಕ್ಕಾ, ಅದಕ್ಕೊಂದು ಡ್ರಿಪ್ ಹಾಕ್ಬಿಡು, ಎದ್ದು ಓಡಿಹೋಗುತ್ತೆ" ಎಂದು ಕಾಲೆಳೆಯುತ್ತಿದ್ದಳು.

ಅವಳ ಕೆಲಸ ಐಸಿಯುನಲ್ಲಿ. ಅಲ್ಲೊಂದು ಪದ್ಧತಿ ಇತ್ತು: ಪ್ರಜ್ಞೆಯಿಲ್ಲದ ರೋಗಿಯೊಡನೆಯೂ ಮಾತಾಡಬೇಕು. ಇವತ್ತು ಯಾವ ವಾರ, ಈಗ ಗಂಟೆ ಎಷ್ಟು, ನಿಮ್ಮ ಮಗ್ಗುಲು ಬದಲಿಸ್ತಿದ್ದೀನಿ, ಹೀಗೆ. ಅವರಿಗೆ ಕೇಳಿಸುತ್ತದೋ ಇಲ್ಲವೋ ಯಾರು ಕಂಡಿದ್ದಾರೆ? ಕೇಳಿಸುತ್ತದೆ ಎಂದೇ ನಡೆದುಕೊಳ್ಳಬೇಕು, ಅಷ್ಟೆ. ಹೊಸ ನರ್ಸ್‌ಗಳು ನಾಚಿಕೊಂಡು ಪಿಸುಗುಡುತ್ತಿದ್ದರು. ಇವಳಿಗೆ ಆ ನಾಚಿಕೆ ಬಿಟ್ಟು ಕಾಲವಾಗಿತ್ತು. ವಾರ, ಗಂಟೆ ಮುಗಿದ ಮೇಲೆ ಆ ಸಂಜೆಯ ಅಡುಗೆ ಶುರುಮಾಡುವಳು. ಆದರೆ ಒಲೆ ಆರಿಸುವಲ್ಲಿಗೆ ನಿಲ್ಲಿಸಿಬಿಡುವಳು. ಬಾಯಿಗೆ ಕೊಳವೆ ಹಾಕಿಸಿಕೊಂಡು ಮಲಗಿದವರ ಮುಂದೆ ತಿನ್ನುವ ಸುದ್ದಿ ಎತ್ತಬಾರದು ಎಂಬ ಸಣ್ಣ ಮರ್ಯಾದೆ.

ಆ ಮರ್ಯಾದೆ ತಪ್ಪಿದ್ದು ನಾಲ್ಕನೇ ಹಾಸಿಗೆಗೆ ಬೀಗ ರಿಪೇರಿಯವನು ಬಂದಾಗ. ಏಣಿಯಿಂದ ಬಿದ್ದು ತಲೆಗೆ ಏಟಾಗಿತ್ತು. ಮೂರು ವಾರವಾದರೂ ರೆಪ್ಪೆ ಅಲುಗಿಸಿರಲಿಲ್ಲ. ಶುಕ್ರವಾರ ಮನೆಯವರನ್ನು ಕೂರಿಸಿಕೊಂಡು ಉಸಿರಾಟದ ಯಂತ್ರ ತೆಗೆಯುವ ಮಾತಾಡೋಣ ಎಂದು ದೊಡ್ಡ ಡಾಕ್ಟರು ಸೋಮವಾರ ಹೇಳಿದರು. ಅವಳು ಅಂದು ಮಧ್ಯಾಹ್ನ ನಾಲ್ಕಕ್ಕೆ ಅವನ ಮೈ ಒರೆಸುತ್ತ, ಸಂಜೆ ಮಾಡಲಿದ್ದ ಊಟವನ್ನು ತಡೆಯಿಲ್ಲದೆ ಹೇಳಿಬಿಟ್ಟಳು. ಕಾವಲಿ ಕಾಯುವುದು, ಕೊಬ್ಬಿನ ಅಂಚು ಚುಂಯ್ ಎನ್ನುವುದು, ಅದೇ ಜಿಡ್ಡಿನಲ್ಲಿ ಈರುಳ್ಳಿಯೂ ಸೇಬಿನ ಹೋಳೂ ಬಾಡುವುದು; ಆಮೇಲೆ ತಟ್ಟೆ, ಮೊದಲ ತುತ್ತು, ಉಪ್ಪು, ಮೆಣಸಿನ ಖಾರ, ಮೂಳೆಗೆ ಅಂಟಿದ ಆ ಕೊನೆಯ ಎಳೆ. ಹೇಳಿ ಮುಗಿಸಿದಾಗ ಅವನ ಕಟವಾಯಿಯಿಂದ ನೀರಿಳಿಯುತ್ತಿತ್ತು. ನಾಡಿ ಎಪ್ಪತ್ತರಿಂದ ತೊಂಬತ್ತಕ್ಕೆ ಏರಿತ್ತು. ಅವಳು ಬಾಯಿ ಒರೆಸಿ, ನಾಡಿಯನ್ನು ಚಾರ್ಟಿನಲ್ಲಿ ಬರೆದಳು.

ಸಂಜೆ ಏಳಕ್ಕೆ ಮನೆಯಲ್ಲಿ, ಹೇಳಿದ ಹಾಗೆಯೇ ಮಾಡಿ, ತುತ್ತು ಬಾಯಿಗಿಟ್ಟಳು. ಹತ್ತಿ ಅಗಿದ ಹಾಗಾಯಿತು.

"ಉಪ್ಪು ಹಾಕೋದು ಮರೆತ್ನೇನೇ?"

"ಸರಿಯಾಗೇ ಇದೆಯಲ್ಲ," ಎಂದಳು ತಂಗಿ, ಎರಡನೇ ಚಾಪಿಗೆ ಕೈ ಹಾಕುತ್ತ.

ಮಂಗಳವಾರವೂ ನಾಲ್ಕಕ್ಕೆ ಹೇಳಿದಳು. ಅವನ ನಾಡಿ ಏರಿತು, ಗಂಟಲು ನುಂಗುವ ಹಾಗೆ ಆಡಿತು. ಏಳಕ್ಕೆ ಅವಳ ಬಾಯಿಗೆ ಖಾರವೂ ತಿಳಿಯಲಿಲ್ಲ, ಮೂಗಿಗೆ ಹುರಿದ ವಾಸನೆಯೂ ಹತ್ತಲಿಲ್ಲ. ಜ್ವರ ನೋಡಿಕೊಂಡಳು, ಇಲ್ಲ. ನೆಗಡಿ ಇಲ್ಲ. ಸ್ಪಿರಿಟ್ ಬಾಟಲಿ ಮೂಸಿದಳು, ನೀರು ಮೂಸಿದ ಹಾಗಿತ್ತು. ಬುಧವಾರವೂ ನಾಲ್ಕಕ್ಕೆ ಹೇಳಿ ಬಂದವಳು, ಸಂಜೆ ರೋಸಿಹೋಗಿ ಕಾವಲಿಗೆ ಹಿಡಿಹಿಡಿ ಉಪ್ಪು ಸುರಿದಳು. ತಂಗಿ ಮೊದಲ ತುತ್ತನ್ನೇ ಉಗುಳಿ, "ಅಕ್ಕಾ, ಈ ಹಂದಿ ಏನು ಸಮುದ್ರದಲ್ಲಿ ಬೆಳೆದಿದ್ದಾ?" ಎಂದಳು. ಅವಳಿಗೆ ನಗು ಬರಲಿಲ್ಲ. ತಟ್ಟೆಯನ್ನೇ ನೋಡುತ್ತ ಕೂತವಳಿಗೆ ಒಂದು ವಿಚಾರ ಹೊಳೆಯಿತು. ಈ ಊಟ ನಾಲ್ಕು ಗಂಟೆಗೇ ಮುಗಿದಿದೆ. ನಾಲ್ಕನೇ ಹಾಸಿಗೆಯಲ್ಲಿ ಯಾರೋ ಉಂಡು ಮುಗಿಸಿದ್ದಾರೆ. ತನಗೆ ಉಳಿದದ್ದು ಬರೀ ಮಾಂಸ.

ಗುರುವಾರ ಬೆಳಿಗ್ಗೆ ಬೀಗದವನು ಕಣ್ಣು ಬಿಟ್ಟ. ವಾರ್ಡಿಗೆ ವಾರ್ಡೇ ಓಡಿಬಂತು. ಶುಕ್ರವಾರ ಕೊಳವೆ ತೆಗೆದ ಮೇಲೆ ಅವನು ಅವಳ ಕಡೆ ತಿರುಗಿ, ಒಡಕು ದನಿಯಲ್ಲಿ, "ಸಿಸ್ಟರ್, ಮೊನ್ನೆ ಉಪ್ಪು ಜಾಸ್ತಿಯಾಗಿತ್ತು" ಎಂದ.

ಎಲ್ಲರೂ ನಕ್ಕರು. ಅವಳು ಮನಸ್ಸಿನಲ್ಲೇ ದಿನ ಎಣಿಸಿದಳು. ಬುಧವಾರ ನಾಲ್ಕಕ್ಕೆ ಅವಳು ಅವನಿಗೆ ಹೇಳಿದ್ದು ಒಂದು ಚಿಟಿಕೆ ಉಪ್ಪು. ಹಿಡಿ ಸುರಿದದ್ದು ಏಳಕ್ಕೆ, ಮನೆಯಲ್ಲಿ, ತಂಗಿಯೊಬ್ಬಳ ಮುಂದೆ.

ಕೆಲವು ವಾರದಲ್ಲಿ ಅವನು ನಡೆದುಕೊಂಡೇ ಮನೆಗೆ ಹೋದ. ಅವಳ ನಾಲಿಗೆಯ ರುಚಿ ಮಾತ್ರ ತಿರುಗಿ ಬರಲಿಲ್ಲ. ಕೊಟ್ಟಿದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ, ಭಯವಿತ್ತು. ಅಂದಿನಿಂದ ರೋಗಿಗಳ ಮುಂದೆ ವಾರ, ಗಂಟೆ ಬಿಟ್ಟು ಇನ್ನೊಂದು ಮಾತೆತ್ತಲಿಲ್ಲ. ಚಾಪ್ ಮಾಡುವುದನ್ನು ನಿಲ್ಲಿಸಲಿಲ್ಲ, ತಂಗಿಗೆ ಬೇಕಲ್ಲ. ಉಪ್ಪು ಹಾಕುವ ಕೆಲಸ ತಂಗಿಯ ಪಾಲಿಗೆ ಬಂತು.

ಎರಡು ತಿಂಗಳ ನಂತರ ಅದೇ ಹಾಸಿಗೆಗೆ ಹತ್ತೊಂಬತ್ತರ ಹುಡುಗಿಯೊಬ್ಬಳು ಬಂದಳು, ರಸ್ತೆ ಅಪಘಾತ. ತಾಯಿ ಇಸ್ತ್ರಿ ಅಂಗಡಿಯವಳು. ಬೀಗದವನ ಕಥೆ ಆ ತಾಯಿಯ ಕಿವಿಗೂ ಬಿದ್ದಿತ್ತು.

"ಸಿಸ್ಟರ್, ಅವರಿಗೆ ಏನೋ ಹೇಳ್ತಿದ್ರಂತೆ. ನನ್ನ ಮಗಳಿಗೂ ಅಷ್ಟು ಹೇಳಿ."

"ಅದೆಲ್ಲ ಯಾರೋ ಕಟ್ಟಿದ್ದು, ಅಮ್ಮ."

ಹಾಗೆಂದರೂ ಮನಸ್ಸು ತಡೆಯಲಿಲ್ಲ. ಒಂದು ಮಧ್ಯಾಹ್ನ ಹುಡುಗಿಯ ಕಿವಿಯ ಬಳಿ ಚಾಪಿನ ಊಟ ಹೇಳಿ ನೋಡಿದಳು. ರುಚಿಯೇ ಗೊತ್ತಾಗದವಳ ಮಾತು, ಔಷಧಿಯ ಚೀಟಿ ಓದಿದ ಹಾಗಿತ್ತು. ನಾಡಿ ಕದಲಲಿಲ್ಲ. ಇತ್ತ ದೊಡ್ಡ ಡಾಕ್ಟರು ಮತ್ತೆ ಒಂದು ಶುಕ್ರವಾರ ಗೊತ್ತುಮಾಡಿದರು.

ಗುರುವಾರ ನಾಲ್ಕು ಗಂಟೆಗೆ ಅವಳು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡಳು. ಇನ್ನೇನಿದೆ ಹೇಳುವುದಕ್ಕೆ? ತಂಗಿಯ ಬಗ್ಗೆ ಹೇಳುವ ಮಾತು ತುಟಿಯವರೆಗೆ ಬಂತು. ಬೆಚ್ಚಿ ನುಂಗಿಕೊಂಡಳು; ಅವಳನ್ನು ಕೊಡಲು ತಾನು ಯಾರು? ಎದುರಿಗೆ ಇಸ್ತ್ರಿಯವಳು ಸುಟ್ಟ ಕಲೆಗಳ ಬೆರಳಲ್ಲಿ ಮಗಳ ಕಾಲು ಹಿಡಿದು ಕೂತಿದ್ದಳು. ಈ ಹುಡುಗಿಗೆ ಊಟ ಯಾತಕ್ಕೆ, ಇವಳಿಗೆ ಬೇಕಾದದ್ದೇ ಬೇರೆ, ಎಂದುಕೊಳ್ಳುವಷ್ಟರಲ್ಲಿ ಬಾಯಿ ಶುರುಮಾಡಿಯಾಗಿತ್ತು.

"ನಾಳೆ ಬೆಳಿಗ್ಗೆ ಆರಕ್ಕೆ ನನ್ನ ಅಲಾರಂ ಹೊಡ್ಕೊಳ್ಳುತ್ತೆ. ಎರಡು ಸಲ ಹೊಡ್ಕೊಳ್ಳೋವರೆಗೂ ನಾನು ಏಳಲ್ಲ. ಪರದೆ ಸಂದಿಯಿಂದ ಬಿಸಿಲು ಬಂದು ಕೆನ್ನೆ ಮೇಲೆ ಬೀಳುತ್ತೆ. ಪಕ್ಕದ ಮನೆ ಗೇಟು ಕಿರ್ ಅನ್ನುತ್ತೆ. ಕಾಲ್ಬೆರಳು ಮೊದಲು ಆಡುತ್ತೆ..."

ಅಲ್ಲಿಗೆ ನಿಂತಳು. ಏನನ್ನು ಕೊಟ್ಟುಬಿಡುತ್ತಿದ್ದೇನೆಂದು ಆಗ ಪೂರ್ತಿ ತಿಳಿಯಿತು. ಎದ್ದು ಹೋಗಿಬಿಡಲೇ ಎನಿಸಿತು.

"ನಿಲ್ಲಿಸ್ಬೇಡಿ ಸಿಸ್ಟರ್!" ತಾಯಿ ಕಿರುಚಿದಳು. "ಬೆರಳು ಆಡ್ತಿದೆ, ನೋಡಿ! ಆಮೇಲೆ? ಆಮೇಲೇನು?"

ಅವಳು ಹುಡುಗಿಯ ಕಾಲಿನ ಕಡೆ ನೋಡಿದಳು. ಹೆಬ್ಬೆರಳು ನಿಜವಾಗಿಯೂ ಆಡುತ್ತಿತ್ತು.

"ಆಮೇಲೆ," ಎಂದಳು ಮೆಲ್ಲಗೆ, "ಕಣ್ಣು ಬಿಡ್ತೀನಿ."

ಸಂಜೆ ಮಾಮೂಲಿನಂತೆ ಚಾಪ್ ಮಾಡಿದಳು. ತಂಗಿ ಉಪ್ಪು ಹಾಕಿದಳು. ಇಬ್ಬರೂ ಎದುರುಬದುರು ಕೂತು ಉಂಡರು. ತಂಗಿ ಯಾವುದೋ ಗಿರಾಕಿಯ ಸೊಂಟದ ಅಳತೆಯ ಕಥೆ ಹೇಳಿ ತಾನೇ ನಗುತ್ತಿದ್ದಳು. ಅಕ್ಕ ಅದನ್ನೇ ಮತ್ತೊಮ್ಮೆ ಹೇಳಿಸಿ ಕೇಳಿದಳು.

"ಬೆಳಿಗ್ಗೆ ನನ್ನನ್ನ ಎಬ್ಬಿಸ್ತೀಯಾ?"

"ನಿನ್ನ ಅಲಾರಂಗೆ ಏನಾಯ್ತು?"

"ಏನೂ ಆಗಿಲ್ಲ. ನೀನೂ ಒಂದ್ಸಲ ಬಂದು ಕರಿ."

"ಆಯ್ತು ಬಿಡು, ಬಾಗಿಲಲ್ಲೇ ನಿಂತು ಕೂಗ್ತೀನಿ."

"ಬಾಗಿಲಲ್ಲಿ ಬೇಡ," ಎಂದಳು ಅಕ್ಕ, ತಟ್ಟೆಯಿಂದ ತಲೆಯೆತ್ತದೆ. "ಒಳಗೆ ಬಾ. ಕೈ ಹಿಡಿದು ಚೆನ್ನಾಗಿ ಅಲ್ಲಾಡಿಸು."