ಬೆಂಕಿಗೂಡಿನ ಮುಂದೆ ಆಯಿಯ ಸೆರಗು

ಗಜೇಂದ್ರಗಡದ ಒಂದು ಫೋಟೋ ಸ್ಟುಡಿಯೋದಲ್ಲಿ ಇಂಗ್ಲಿಷ್ ರಾಣಿಯ ಕಾಲದ ದಿವಾನಖಾನೆ ಬರೆದ ಪರದೆಯೊಂದಿದೆ. ಚಳಿ ಕಾಯಿಸುವ ಬೆಂಕಿಗೂಡು, ಅದರ ಮೇಲೊಂದು ಗಡಿಯಾರ, ಪರದೆಯ ಮುಂದೆ ನಿಜದ ಮಖಮಲ್ಲಿನ ಕುರ್ಚಿ. ನಮ್ಮೂರಿನ ಬಿಸಿಲಿಗೆ ಬೆಂಕಿಗೂಡು! ಆದರೂ ಮನೆಮಂದಿಯೆಲ್ಲ ಅಲ್ಲೇ ಫೋಟೋ ತೆಗೆಸಬೇಕೆಂದು ಹಟ ಹಿಡಿದವಳು ನಮ್ಮ ಆಯಿ, ಅಪ್ಪನ ತಾಯಿ.

ಜೀವಮಾನವಿಡೀ ಮಂದಿಗೆ ಸೀರೆ ನೇಯ್ದವಳು ತನಗೆಂದು ನೇಯ್ದುಕೊಂಡದ್ದು ಅಂದು ಉಟ್ಟುಬಂದ ಇದೊಂದೇ. ಕೆಂಪು ಸೆರಗಿನ ತುಂಬ ಬಿಳಿ ತೆನೆಗಳ ಚಿತ್ತಾರವನ್ನು ಹಲ್ಲು ಜೋಡಿಸಿದಂತೆ ಎಬ್ಬಿಸಿದ್ದಳು. ಅದು ಫೋಟೋದಲ್ಲಿ ಮನೆಯ ಗೋಡೆಯ ಮೇಲೆ ಕಾಣಬೇಕು, ಅಷ್ಟೇ ಅವಳ ಆಸೆ. ಕುರ್ಚಿಯಲ್ಲಿ ಕೂತು ಸೆರಗನ್ನು ಮಡಿಲ ಮೇಲೆ ಹರವಿಕೊಂಡಳು.

"ಆಯಿ, ಗಿರಾಕಿ ಬಂದಾರೇನು?" ಎಂದೆ.

"ಬಂದ್ರ ನಿನ್ನ ಮಾರತೇನಿ, ಸೀರಿ ಅಲ್ಲ."

ಫೋಟೋದವನು ಕತ್ತು ಸೊಟ್ಟ ಮಾಡಿ, ತುಟಿ ಮುಂದೆ ಚಾಚಿ, "ಹಾಂ, ಹಿಂಗ ನೋಡ್ರಿ" ಎಂದ. ನಾನು ಸುಮ್ಮನಿರುವ ಪೈಕಿಯೇ? ಹಾಗೇ ಕತ್ತು ಸೊಟ್ಟ ಮಾಡಿದೆ, ತುಟಿ ಚಾಚಿದೆ. ಅಷ್ಟರಲ್ಲಿ ಕ್ಲಿಕ್ಕಿಸಿಬಿಟ್ಟ.

ಕಟ್ಟು ಹಾಕಿದ ಫೋಟೋ ತರಲು ಆಯಿ, ಕಾಕಾ, ನಾನು ಹೋದೆವು. ಎಲ್ಲರ ಮುಖವೂ ಸುಲಿದ ಮೊಟ್ಟೆ. ಆಯಿ ತನ್ನ ಮುಖ ನೋಡಲೇ ಇಲ್ಲ. ಬಟ್ಟೆ ಪರೀಕ್ಷಿಸುವ ಹಾಗೆ ಗಾಜಿನ ಮೇಲೆ ಬೆರಳಾಡಿಸಿದಳು. ಸೆರಗು ಬರೀ ಕೆಂಪು.

"ನನ್ನ ತೆನಿ ಎಲ್ಲಿ?"

"ಸುಕ್ಕು ಅಳಿಸೋವಾಗ ಅವೂ ಹೋಗ್ಯಾವ್ರಿ ಅಮ್ಮಾರ. ಪರದೇಕ ಮ್ಯಾಚ್ ಆಗೇತಿ, ಚಲೋ ಕಾಣತೇತಿ."

ಚಲೋ! ಸುಳ್ಳು ಬೆಂಕಿಗೂಡಿನ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಯಾರ ಮನೆಯದೋ ಗಡಿಯಾರದ ಮುಳ್ಳು ಸಹ ನೆಟ್ಟಗಿತ್ತು. ಆಯಿಯ ಕೈಯ ಕೆಲಸ ಮಾತ್ರ ಇವನ ಕಣ್ಣಿಗೆ ಸುಕ್ಕು! ನನಗೆ ಮೈಯೆಲ್ಲ ಉರಿಯಿತು. ಅವನ ದನಿ ಅಣಕಿಸಲು ಬಾಯಿ ತೆರೆದರೆ ನನ್ನ ದನಿಯೇ ಬಂತು, ಅದೂ ಕೀರಲಾಗಿ.

ಕಾಕಾ ನಡುವೆ ಬಾಯಿ ಹಾಕಿದರು. "ಹೋಗ್ಲಿ ಬಿಡಬೇ ಯವ್ವಾ, ಮಾರಿ ಭಾಳ ಚಲೋ ಬಂದೈತಿ."

"ಮಾರಿ ದೇವ್ರು ಕೊಟ್ಟದ್ದಪಾ. ತೆನಿ ನಾ ಹಾಕಿದ್ದು."

ತಿದ್ದುವ ಮೊದಲಿದ್ದ ಫೋಟೋ ಹಾಕಿಕೊಡು ಎಂದು ನಾನು ಪಟ್ಟು ಹಿಡಿದೆ. ಫೋಟೋದವನು ಕಂಪ್ಯೂಟರ್ ನನ್ನತ್ತ ತಿರುಗಿಸಿದ. ತೆನೆಗಳೆಲ್ಲ ಇದ್ದವು. ಹಿಂದೆ ನಾನೂ ಇದ್ದೆ, ಸೊಟ್ಟ ಕತ್ತು, ಚಾಚಿದ ತುಟಿ, ನೀರಿಗೆ ಬಾಯಿ ಒಡ್ಡಿದ ಎಮ್ಮೆಗರು. ತಿದ್ದುವಾಗ ಅವನು ಆ ಮುಖದ ಜಾಗಕ್ಕೆ ಆಮೇಲೆ ತೆಗೆದ ಇನ್ನೊಂದು ಫೋಟೋದಿಂದ ನನ್ನ ಮುಖ ಅಂಟಿಸಿದ್ದನಂತೆ.

"ನಿಮ್ಮ ಮಾರಿ ಒಂದು ತಿದ್ದಲೇನ್ರಿ?"

"ಏನೂ ಮುಟ್ಟಬ್ಯಾಡ್ರಿ!" ಎಂದೆ. ಇವನ ಕೈ ಎಲ್ಲಿಗೆ ಹೋಗಿ ಏನನ್ನು ಅಳಿಸುತ್ತದೋ ಯಾರು ಬಲ್ಲರು?

ಈಗ ತಿದ್ದದ ಆ ಫೋಟೋವೇ ಪಡಸಾಲೆಯಲ್ಲಿ ತೂಗುತ್ತಿದೆ. ಬಂದವರು ಮೊದಲು ಕೇಳುವುದು, "ಈ ಹುಡುಗಗ ಏನಾಗೇತ್ರಿ?"

"ಅಂವಗ ಹುಟ್ಟಿದಾಗಿಂದ ಹಂಗ ಐತಿ," ಎನ್ನುತ್ತ ಆಯಿ ಗಾಜಿನ ಮೇಲೆ, ತೆನೆಗಳಿರುವಲ್ಲಿ ಬೆರಳಿಡುತ್ತಾಳೆ. "ನೀವು ಇಲ್ಲಿ ನೋಡ್ರಿ."