ಮಾರ್ಕಸ್ ತೊಟ್ಟ ಮೈಸೂರು ಪೇಟ

ನಾನು ಗಣಿತ ಕಲಿಸುವ, ಲಂಡನ್ನಿನ ಕ್ರೋಯ್ಡನ್ನಿನ ಹೈಸ್ಕೂಲಿನಲ್ಲಿ, ಹಿಂದೆ ಆಯ್ದ ಆಟಗಾರರ ಆಲ್‌ಸ್ಟಾರ್ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ಮಿಂಚಿದ್ದ ಹಳೆಯ ವಿದ್ಯಾರ್ಥಿಗಳಿಗೆ ಸನ್ಮಾನವಿತ್ತು. ನಮ್ಮ ಕಡೆಯ ಮರ್ಯಾದೆಯೂ ಇರಲಿ ಅಂತ ಮೈಸೂರು ಪೇಟ ಒಯ್ದಿದ್ದೆ.

ಮೊದಲು ಬಂದವನು ಮಾರ್ಕಸ್. ಈಗ ಅವನ ಗಡ್ಡವೂ ನರೆತಿದೆ. ಪೇಟ ತೊಡಿಸಹೋದರೆ ನನ್ನ ಕೈ ಎಟುಕಲೇ ಇಲ್ಲ. ಅವನೇ ಮಂಡಿಯೂರಿದ.

“ಹಿಂದಿನವರಿಗೆ ಬೋರ್ಡ್ ಕಾಣಲ್ಲ, ತಲೆ ತಗ್ಗಿಸು ಅಂತ ದಿನಾ ಬಯ್ತಿದ್ರಲ್ಲ ಮಿಸ್, ಈಗ ಸರೀನಾ?”

ಆ ಕ್ಲಾಸು, ಮುಂದಿನ ಬೆಂಚು, ಡೆಸ್ಕಿನಡಿ ಹಿಡಿಸದ ಆ ಕಾಲುಗಳು, ಎಲ್ಲ ನೆನಪಾದವು.

“ಇದನ್ನ ಯಾವಾಗ ತೆಗೀಬಹುದು?” ಭಕ್ತಿಯಿಂದ ಕೇಳಿದ.

“ನಿನಗೆ ಅನ್ನಿಸಿದಾಗ.”

ಆಮೇಲೆ ಕೋರ್ಟಿನಲ್ಲಿ, ತಲೆಯ ಮೇಲಿನ ಪೇಟವನ್ನು ಒಂದು ಕೈಲಿ ಹಿಡಿದುಕೊಂಡೇ ಚೆಂಡನ್ನು ಬ್ಯಾಸ್ಕೆಟ್ಟಿಗೆ ಹಾಕಿದ. ಪೇಟ ತೊಟ್ಟೇ ಟ್ರಾಮ್ ಹತ್ತಿದ. ನಮ್ಮೂರಲ್ಲಿ ಫೋಟೊ ಆದ ಮರುಕ್ಷಣ ಪೇಟ ತಲೆಯಿಂದ ಇಳಿದುಬಿಡುತ್ತದೆ ಅಂತ ನಾನಂತೂ ಹೇಳಲಿಲ್ಲ.